ಗೆದ್ದರು, ಮರೆಯಾದರು: ಬೆಂಗಳೂರು ಮುಸ್ಲಿಮ್ಸ್ ತಂಡದ ಕಥೆ

ಕುಂದಾಪುರದಿಂದ ಬೈಂದೂರಿನ ಕಡೆಗೋ ಬ್ರಹ್ಮಾವರದ ಕಡೆಗೋ ಹೋಗುವಾಗ ರಸ್ತೆಯ ಬದಿಗೆ ಒಮ್ಮೆ ಕಣ್ಣು ಹಾಯಿಸಿ. ಬಸ್ ತಂಗುದಾಣದ ಗೋಡೆಯ ಮೇಲೆ, ಮಸೀದಿಗೆ ತಿರುಗುವ ಅಡ್ಡರಸ್ತೆಯ ಮೂಲೆಯಲ್ಲಿ, ಅಂಗಡಿಯ ಎದುರಿನ ಬ್ಯಾನರಿನಲ್ಲಿ ಯಾವುದಾದರೊಂದು ಯುವಕರ ಕ್ಲಬ್ಬಿನ ಹೆಸರು ಕಂಡೇ ಕಾಣುತ್ತದೆ. ಶಿರೂರು, ಗಂಗೊಳ್ಳಿ, ಕಂಡ್ಲೂರು, ಕೋಡಿ, ಎಲ್ಲಿಗೆ ಹೋದರೂ ಇದೇ ನೋಟ. ಹುಡುಗರು ಸೇರುತ್ತಾರೆ, ಜೆರ್ಸಿ ಹೊಲಿಸುತ್ತಾರೆ, ಗಲ್ಫಿನಲ್ಲಿರುವ ಅಣ್ಣಂದಿರಿಗೆ ಫೋನ್ ಮಾಡಿ ಹಣ ಹೊಂದಿಸುತ್ತಾರೆ. ಪಂದ್ಯಾಟವೂ ನಡೆಯುತ್ತದೆ, ಟ್ರೋಫಿಯೂ ಬರುತ್ತದೆ. ಐದಾರು ವರ್ಷ ಕಳೆದು ಅದೇ ಕ್ಲಬ್ಬಿನ ಬಗ್ಗೆ ವಿಚಾರಿಸಿ ನೋಡಿ. "ಅವರೆಲ್ಲ ಈಗ ಹೊರಗಿದ್ದಾರೆ" ಎಂಬ ಉತ್ತರ ಸಿಗುತ್ತದೆ. ಟ್ರೋಫಿಗಳು ಯಾರದೋ ಮನೆಯ ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತವೆ.

ಗೆದ್ದ ತಂಡವೂ ಹೀಗೇಕೆ ಮರೆಯಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮದೇ ರಾಜ್ಯದ ಒಂದು ಫುಟ್ಬಾಲ್ ತಂಡದ ಇತಿಹಾಸವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಅದರ ಹೆಸರು ಬೆಂಗಳೂರು ಮುಸ್ಲಿಮ್ಸ್. ಇಂದಿನ ಪೀಳಿಗೆಯಲ್ಲಿ ಆ ಹೆಸರು ಕೇಳಿದವರು ತೀರಾ ಕಡಿಮೆ. ಆದರೆ ಒಂದು ಕಾಲದಲ್ಲಿ ಅದು ದೇಶದ ಅತಿ ದೊಡ್ಡ ತಂಡಗಳ ಸಾಲಿನಲ್ಲಿತ್ತು.

ಗೋರಾ ಪಲ್ಟನ್ನುಗಳ ಆಟ

ಫುಟ್ಬಾಲ್ ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಯಲ್ಲಿ. ಡ್ಯುರಾಂಡ್ ಕಪ್ 1888ರಲ್ಲಿ ಶಿಮ್ಲಾದಲ್ಲಿ ಆರಂಭವಾಯಿತು. 1891ರಲ್ಲಿ ಬೊಂಬಾಯಿಯಲ್ಲಿ ರೋವರ್ಸ್ ಕಪ್ ಶುರುವಾಯಿತು. 1893ರಲ್ಲಿ ಕಲ್ಕತ್ತಾದಲ್ಲಿ ಐ.ಎಫ್.ಎ. ಶೀಲ್ಡ್ ಬಂತು. ಈ ಮೂರೂ ದೇಶದ ಪ್ರತಿಷ್ಠಿತ ಪಂದ್ಯಾಟಗಳು. ಮೊದಮೊದಲು ಮೂರರಲ್ಲೂ ಸೇನೆಯ ತಂಡಗಳದ್ದೇ ಕಾರುಬಾರು. ನಮ್ಮವರು ಮೈದಾನದ ಹೊರಗೆ ನಿಂತು ನೋಡಿ ಕಲಿತರು. ಬೂಟು ಕೊಳ್ಳಲು ಹಣವಿಲ್ಲದೆ ಬರಿಗಾಲಲ್ಲೇ ಆಡಿದರು.

1911ರ ಜುಲೈ 29ರಂದು ಕಲ್ಕತ್ತಾದ ಮೋಹನ್ ಬಗಾನ್ ತಂಡವು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಇಡೀ ದೇಶವೇ ಸಂಭ್ರಮಿಸಿತು. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಬಹುದು ಎಂಬ ಧೈರ್ಯ ಜನರಿಗೆ ಬಂತು. ಆದರೂ ರೋವರ್ಸ್ ಕಪ್ ಮಾತ್ರ ಭಾರತೀಯರ ಕೈಗೆ ಸಿಗಲಿಲ್ಲ. 1923ರಲ್ಲಿ ಮೋಹನ್ ಬಗಾನ್ ಫೈನಲ್ ತನಕ ಹೋಗಿ ಸೋತು ಮರಳಿತು.

ಬೆಂಗಳೂರಿನ ದಂಡುಪ್ರದೇಶದಲ್ಲೂ, ಅಂದರೆ ಕಂಟೋನ್ಮೆಂಟಿನಲ್ಲೂ, ಇದೇ ಕಥೆ. ಅಲ್ಲಿ ಬ್ರಿಟಿಷ್ ಸೇನೆಯ ದೊಡ್ಡ ನೆಲೆಯಿತ್ತು, ವಿಶಾಲವಾದ ಮೈದಾನಗಳಿದ್ದವು. ಸೇನೆಯನ್ನು ನೆಚ್ಚಿಕೊಂಡು ಬದುಕುತ್ತಿದ್ದ ವ್ಯಾಪಾರಿಗಳು, ಕುಶಲಕರ್ಮಿಗಳು, ಕೂಲಿಕಾರರು ಸುತ್ತಮುತ್ತ ನೆಲೆಸಿದ್ದರು. ಅವರಲ್ಲಿ ತಮಿಳು ಮಾತಾಡುವವರು, ದಖ್ನಿ ಉರ್ದು ಮಾತಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು ಎಲ್ಲರೂ ಇದ್ದರು. ಸಂಜೆಯಾದರೆ ಗಲ್ಲಿಗಳ ಹುಡುಗರು ಮೈದಾನ ಸೇರುತ್ತಿದ್ದರು. ಈ ಮಣ್ಣಿನಲ್ಲಿಯೇ ಬೆಂಗಳೂರು ಮುಸ್ಲಿಮ್ಸ್ ತಂಡ ಬೆಳೆಯಿತು.

1937ರ ಆ ಗೆಲುವು

1937. ಬೊಂಬಾಯಿಯಲ್ಲಿ ರೋವರ್ಸ್ ಕಪ್. ಫೈನಲಿಗೆ ಬಂದ ಎರಡೂ ತಂಡಗಳು ಭಾರತೀಯರವೇ ಆಗಿದ್ದವು. ಒಂದು ಕಡೆ ಕಲ್ಕತ್ತಾದ ಮಹಮ್ಮಡನ್ ಸ್ಪೋರ್ಟಿಂಗ್, ಇನ್ನೊಂದು ಕಡೆ ಬೆಂಗಳೂರು ಮುಸ್ಲಿಮ್ಸ್.

ಮಹಮ್ಮಡನ್ ಸ್ಪೋರ್ಟಿಂಗ್ ಆಗ ಎಂಥ ತಂಡವಾಗಿತ್ತೆಂದು ತಿಳಿಯದೆ ಈ ಪಂದ್ಯದ ಮಹತ್ವ ಅರ್ಥವಾಗದು. 1891ರಲ್ಲಿ ಸ್ಥಾಪನೆಯಾದ ಆ ಕ್ಲಬ್ 1934ರಲ್ಲಿ ಮೊದಲ ಬಾರಿಗೆ ಕಲ್ಕತ್ತಾ ಲೀಗ್‌ನ ಮೊದಲ ಡಿವಿಜನ್ನಿಗೆ ಬಂದು, ಆ ವರ್ಷವೇ ಚಾಂಪಿಯನ್ ಆಗಿತ್ತು. 1934ರಿಂದ 1938ರ ವರೆಗೆ ಸತತ ಐದು ವರ್ಷ ಅದೇ ಚಾಂಪಿಯನ್. 1936ರಲ್ಲಿ ಐ.ಎಫ್.ಎ. ಶೀಲ್ಡ್ ಕೂಡಾ ಗೆದ್ದಿತ್ತು. ಮಳೆಯಲ್ಲಿ ಮೈದಾನ ಕೆಸರಾದಾಗ ಬರಿಗಾಲು ಜಾರುತ್ತದೆಂದು ಬೂಟು ಹಾಕಿಕೊಂಡು ಆಡುವ ಅಭ್ಯಾಸವನ್ನೂ ಅದು ಮಾಡಿಕೊಂಡಿತ್ತು. ಬೆಂಗಳೂರು ಸೇರಿದಂತೆ ದೇಶದ ನಾನಾ ಕಡೆಗಳಿಂದ ಆಟಗಾರರನ್ನು ಹುಡುಕಿ ತರುತ್ತಿತ್ತು. ಅದರ ಆಟಗಾರ ಮುಹಮ್ಮದ್ ಸಲೀಮ್ 1936ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಪ್ರಸಿದ್ಧ ಸೆಲ್ಟಿಕ್ ಕ್ಲಬ್ಬಿನ ಪರವಾಗಿ ಬರಿಗಾಲಿನಲ್ಲಿ ಎರಡು ಪಂದ್ಯ ಆಡಿ ಅಲ್ಲಿನವರನ್ನು ಬೆರಗುಗೊಳಿಸಿದ್ದರು.

ಇಂಥ ತಂಡವನ್ನು ಬೆಂಗಳೂರಿನ ಹುಡುಗರು 1-0ರಿಂದ ಸೋಲಿಸಿದರು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಎಂಬ ಗೌರವ ಬೆಂಗಳೂರು ಮುಸ್ಲಿಮ್ಸ್ ಪಾಲಿಗೆ ಬಂತು. ಅದು ಒಂದು ವರ್ಷದ ಅದೃಷ್ಟವೂ ಆಗಿರಲಿಲ್ಲ. ಮರುವರ್ಷ 1938ರಲ್ಲಿ ಬ್ರಿಟಿಷ್ ಸೇನೆಯ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ತಂಡವನ್ನು ಫೈನಲಿನಲ್ಲಿ ಮಣಿಸಿ ಅವರು ಕಪ್ಪನ್ನು ಉಳಿಸಿಕೊಂಡರು. 1940ರಲ್ಲಿ ಮತ್ತೆ ಫೈನಲ್ ತಲುಪಿದರು. ಆ ಸಲ ಮಹಮ್ಮಡನ್ ಸ್ಪೋರ್ಟಿಂಗ್ ಹಳೆಯ ಲೆಕ್ಕ ಚುಕ್ತಾ ಮಾಡಿತು. ಅದೇ ವರ್ಷ ದಿಲ್ಲಿಯಲ್ಲಿ ಡ್ಯುರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡವೂ ಮಹಮ್ಮಡನ್ ಸ್ಪೋರ್ಟಿಂಗ್ ಆಯಿತು.

ನಮ್ಮ ಕರಾವಳಿಯಿಂದ ಆಗ ಬೆಂಗಳೂರು ಬಹಳ ದೂರ. ಕುಂದಾಪುರ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಹೊಳೆ ದಾಟಲು ದೋಣಿಯೇ ಗತಿ. ರೈಲು ನಮ್ಮೂರಿಗೆ ಬಂದದ್ದು ಆರು ದಶಕಗಳ ನಂತರ. ಆದರೆ ಹೊಟ್ಟೆಪಾಡಿಗಾಗಿ ಬೊಂಬಾಯಿ ಸೇರಿದ ನಮ್ಮ ಭಾಗದ ಜನರು ಆಗಲೂ ಇದ್ದರು. ಕನ್ನಡ ನಾಡಿನಿಂದ ಬಂದ ಹುಡುಗರು ಅಲ್ಲಿ ಕಪ್ ಎತ್ತಿದ್ದು ಅವರಿಗೆ ಎಷ್ಟು ಹೆಮ್ಮೆಯ ಸಂಗತಿಯಾಗಿದ್ದಿರಬಹುದೆಂದು ನೀವೇ ಊಹಿಸಿ.

ಹೆಸರು ಮತ್ತು ನೆರೆಹೊರೆ

ಒಂದು ತಂಡಕ್ಕೆ 'ಮುಸ್ಲಿಮ್ಸ್' ಎಂಬ ಹೆಸರೇಕೆ ಎಂದು ಇಂದು ಯಾರಾದರೂ ಕೇಳಬಹುದು. ಆ ಕಾಲದಲ್ಲಿ ಕ್ಲಬ್ಬುಗಳು ಸಮುದಾಯದ ಹೆಸರಿನಲ್ಲಿ ಹುಟ್ಟುವುದು ಸಾಮಾನ್ಯವಾಗಿತ್ತು. ಬೊಂಬಾಯಿಯ ಕ್ರಿಕೆಟಿನಲ್ಲಿ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಯುರೋಪಿಯನ್ನರು ಎಂದು ಬೇರೆ ಬೇರೆ ತಂಡಗಳೇ ಇದ್ದವು. ದೊಡ್ಡ ಕ್ಲಬ್ಬುಗಳ ಬಾಗಿಲು ಬಡವರ ಮಕ್ಕಳಿಗೆ ತೆರೆದಿರಲಿಲ್ಲ. ಮೊಹಲ್ಲಾದ ಹಿರಿಯರು ತಮ್ಮ ಹುಡುಗರಿಗೆ ತಾವೇ ದಾರಿ ಮಾಡಿಕೊಡಬೇಕಾಗಿತ್ತು.

ಈ ತಂಡದ ಮೂರನೇ ರೋವರ್ಸ್ ಕಪ್ ಬಂದದ್ದು ಯಾವಾಗ ಗೊತ್ತೇ? 1948ರಲ್ಲಿ. ದೇಶ ಇಬ್ಭಾಗವಾಗಿ ಒಂದು ವರ್ಷವಾಗಿತ್ತಷ್ಟೆ. ಗಾಂಧೀಜಿಯವರ ಹತ್ಯೆ ಅದೇ ವರ್ಷದ ಜನವರಿಯಲ್ಲಿ ನಡೆದಿತ್ತು. ಗಲಭೆಯ ಗಾಯಗಳು ಇನ್ನೂ ಹಸಿಯಾಗಿದ್ದವು. ಅಂಥ ದಿನಗಳಲ್ಲಿ 'ಬೆಂಗಳೂರು ಮುಸ್ಲಿಮ್ಸ್' ಎಂಬ ಹೆಸರು ಹೊತ್ತ ತಂಡವು ಬೊಂಬಾಯಿಯಲ್ಲಿ ಮೋಹನ್ ಬಗಾನ್ ಎದುರು ಫೈನಲ್ ಆಡಿ ಗೆದ್ದು ಬಂತು.

ಅದೇ 1948ರಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯಿತು. ಸ್ವತಂತ್ರ ಭಾರತದ ಫುಟ್ಬಾಲ್ ತಂಡದ ಮೊದಲ ಒಲಿಂಪಿಕ್ಸ್ ಅದು. ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು, ಸಾರಂಗಪಾಣಿ ರಾಮನ್ ಇದ್ದರು, ಧನರಾಜ್ ಇದ್ದರು. ಜುಲೈ 31ರಂದು ಫ್ರಾನ್ಸ್ ವಿರುದ್ಧ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಸಿಕ್ಕಿದ ಎರಡು ಪೆನಾಲ್ಟಿ ವ್ಯರ್ಥವಾಗಿ ತಂಡ 1-2ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ರಾಮನ್. ಬೆಂಗಳೂರಿನ ಅಕ್ಕಪಕ್ಕದ ಗಲ್ಲಿಗಳ ಹುಡುಗರು ಒಂದೇ ಜೆರ್ಸಿ ತೊಟ್ಟು ದೇಶಕ್ಕಾಗಿ ಆಡಿದ್ದರು. ತಂಡದ ಹೆಸರು ಏನೇ ಇರಲಿ, ಮೈದಾನ ಎಲ್ಲರದ್ದಾಗಿತ್ತು.

ಅಹ್ಮದ್ ಖಾನ್ ಹೊರಟ ದಾರಿ

ಅಹ್ಮದ್ ಖಾನ್ 1926ರಲ್ಲಿ ಹುಟ್ಟಿದವರು. ಬೆಂಗಳೂರು ಮುಸ್ಲಿಮ್ಸ್ ಪರವಾಗಿಯೂ ಆಡಿದ್ದರು. ಚೆಂಡು ಅವರ ಕಾಲಿಗೆ ಅಂಟಿಕೊಂಡಂತೆ ಇರುತ್ತಿತ್ತು. ನೋಡಿದವರು ಅವರನ್ನು 'ಹಾವಾಡಿಗ' ಎಂದೇ ಕರೆದರು. 1949ರಲ್ಲಿ ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಲ್ಲಿ ಅಹ್ಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾ ರಾವ್, ಸಾಲೆ ಎಂಬ ದಕ್ಷಿಣ ಭಾರತದ ಐವರು ಮುಂಚೂಣಿ ಆಟಗಾರರನ್ನು ಜನರು ಪ್ರೀತಿಯಿಂದ 'ಪಂಚ ಪಾಂಡವರು' ಎಂದರು. ಆ ಐವರಲ್ಲಿ ಇಬ್ಬರು ಮುಸ್ಲಿಮರು. ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದವರಲ್ಲಿ ಪೂರ್ವ ಬಂಗಾಳದಿಂದ ಎಲ್ಲವನ್ನೂ ಕಳೆದುಕೊಂಡು ಬಂದ ಹಿಂದೂ ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿದ್ದರು. ಈಸ್ಟ್ ಬೆಂಗಾಲ್ 1949, 1950, 1951ರಲ್ಲಿ ಸತತ ಮೂರು ಬಾರಿ ಐ.ಎಫ್.ಎ. ಶೀಲ್ಡ್ ಗೆದ್ದಿತು. 1951ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅಹ್ಮದ್ ಖಾನ್ ಇದ್ದರು. 2017ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು.

ಅವರು ಏರಿದ ಎತ್ತರ ನಮಗೆಲ್ಲ ಹೆಮ್ಮೆ. ಆದರೆ ಅವರು ಬಿಟ್ಟುಹೋದ ತಂಡದ ಕಡೆಗೂ ಒಮ್ಮೆ ನೋಡಿ. ಒಳ್ಳೆಯ ಆಟಗಾರ ತಯಾರಾದ ಕೂಡಲೇ ಕಲ್ಕತ್ತಾದ ದೊಡ್ಡ ಕ್ಲಬ್ಬುಗಳು ಕರೆಯುತ್ತಿದ್ದವು. ಮುಂದೆ ಬೆಂಗಳೂರಿನಲ್ಲಿಯೇ ಎಚ್.ಎ.ಎಲ್., ಐ.ಟಿ.ಐ.ಯಂತಹ ಸರಕಾರಿ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಮ್ಮ ತಂಡಗಳನ್ನು ಕಟ್ಟಿದವು. ತಿಂಗಳ ಸಂಬಳ, ಮನೆಮಂದಿಗೆ ಭದ್ರತೆ, ಇದನ್ನು ಬೇಡವೆನ್ನಲು ಬಡ ಹುಡುಗನಿಗೆ ಹೇಗೆ ಸಾಧ್ಯ? ಹೈದರಾಬಾದಿನಲ್ಲೂ ಹಾಗೆಯೇ ಆಯಿತು. ಅಲ್ಲಿನ ಸಿಟಿ ಪೊಲೀಸ್ ತಂಡ ತರಬೇತುದಾರ ಸಯ್ಯದ್ ಅಬ್ದುಲ್ ರಹೀಮ್‌ರ ಮಾರ್ಗದರ್ಶನದಲ್ಲಿ 1950ರಿಂದ 1954ರ ವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಇದೇ ರಹೀಮ್ 1962ರಲ್ಲಿ ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ ತಂದುಕೊಟ್ಟವರು.

ಆಟಗಾರರಿಗೆ ಇದರಿಂದ ಒಳಿತಾಯಿತು. ರಾಜ್ಯಕ್ಕೂ ಆಯಿತು. ಮೈಸೂರು ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆದರೆ 1948ರ ನಂತರ ರೋವರ್ಸ್ ವಿಜೇತರ ಪಟ್ಟಿಯಲ್ಲಿ ಬೆಂಗಳೂರು ಮುಸ್ಲಿಮ್ಸ್ ಹೆಸರು ಮತ್ತೆ ಕಾಣಲಿಲ್ಲ. ರೋವರ್ಸ್ ಕಪ್ ಕೂಡಾ 2000-01ರ ನಂತರ ನಿಂತುಹೋಯಿತು. ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆಲ್ಲಲು 54 ವರ್ಷ ಬೇಕಾಯಿತು. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲಿನಲ್ಲಿ ನಮ್ಮವರು ಮೇಘಾಲಯವನ್ನು 3-2ರಿಂದ ಸೋಲಿಸಿದರು.

ಚದುರಿಯೂ ಉಳಿದವರು

ಹಾಗಾದರೆ ಆಟಗಾರರು ಬಿಟ್ಟುಹೋದರೆ ಕ್ಲಬ್ ಮುಗಿದಂತೆಯೇ? ಅಲ್ಲ ಎನ್ನುತ್ತದೆ ದೂರದ ಹಂಗೇರಿ ದೇಶದ ಒಂದು ಕ್ಲಬ್ಬಿನ ಕಥೆ.

ರಾಜಧಾನಿ ಬುಡಾಪೆಸ್ಟಿನ ಅಂಚಿನಲ್ಲಿರುವ ಕಿಶ್ಪೆಶ್ಟ್ ಎಂಬ ಬಡಾವಣೆಯಲ್ಲಿ 1909ರಲ್ಲಿ ಒಂದು ಸಣ್ಣ ಕ್ಲಬ್ ಹುಟ್ಟಿತು. ಅಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಹುಡುಗರು ಒಟ್ಟಿಗೆ ಚೆಂಡು ಒದೆಯುತ್ತಾ ಬೆಳೆದರು. ಒಬ್ಬ ಫೆರೆಂಕ್ ಪುಷ್ಕಾಶ್, ಇನ್ನೊಬ್ಬ ಯೋಝೆಫ್ ಬೋಝಿಕ್. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಕಮ್ಯುನಿಸ್ಟ್ ಸರಕಾರವು ಈ ಕ್ಲಬ್ಬನ್ನು ಸೇನೆಯ ತಂಡವಾಗಿ ಮಾಡಿ 'ಹೊನ್ವೇಡ್' ಎಂದು ಹೆಸರಿಟ್ಟಿತು. ದೇಶದ ಅತ್ಯುತ್ತಮ ಆಟಗಾರರು ಅಲ್ಲಿಗೆ ಸೇರಿದರು. 1952ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ, 1953ರಲ್ಲಿ ಇಂಗ್ಲೆಂಡನ್ನು ಲಂಡನ್ನಿನಲ್ಲೇ 6-3ರಿಂದ ಸೋಲಿಸಿದ, 1954ರಲ್ಲಿ ವಿಶ್ವಕಪ್ ಫೈನಲ್ ಆಡಿದ ಹಂಗೇರಿ ತಂಡದ ಬೆನ್ನೆಲುಬು ಈ ಕ್ಲಬ್ಬೇ ಆಗಿತ್ತು.

1956ರಲ್ಲಿ ಹಂಗೇರಿಯ ಜನರು ಸರಕಾರದ ವಿರುದ್ಧ ದಂಗೆ ಎದ್ದರು. ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದವು. ಆಗ ಹೊನ್ವೇಡ್ ತಂಡ ಪಂದ್ಯಕ್ಕಾಗಿ ಹೊರದೇಶದಲ್ಲಿತ್ತು. ಕೆಲವರು ಊರಿಗೆ ಮರಳಲೇ ಇಲ್ಲ. ಪುಷ್ಕಾಶ್ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಸೇರಿದರು. ಕೋಚಿಶ್ ಮತ್ತು ತ್ಸಿಬೋರ್ ಬಾರ್ಸಿಲೋನಾ ಸೇರಿದರು. ಬೋಝಿಕ್ ಮಾತ್ರ ಹಿಂತಿರುಗಿದರು. ಬಾಲ್ಯದಿಂದ ಆಡಿದ ಅದೇ ಕ್ಲಬ್ಬಿನಲ್ಲಿ 1962ರ ವರೆಗೂ ಆಡಿದರು.

(ಅದೇ ವರ್ಷದ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಹಂಗೇರಿ ಫುಟ್ಬಾಲ್‌ನಿಂದ ಹಿಂದೆ ಸರಿದದ್ದರಿಂದ ಭಾರತಕ್ಕೆ ಮೊದಲ ಸುತ್ತು ಆಡದೆಯೇ ದಾಟಲು ಸಿಕ್ಕಿತು. ಮುಂದೆ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಮ್ಮವರು ನಾಲ್ಕನೇ ಸ್ಥಾನ ಪಡೆದರು.)

ಹೊನ್ವೇಡ್ ಕ್ಲಬ್ ಅನಂತರ ಏಳುಬೀಳು ಎಲ್ಲವನ್ನೂ ಕಂಡಿತು. 2003ರಲ್ಲಿ ಮೊದಲ ಡಿವಿಜನ್ನಿನಿಂದ ಕೆಳಗಿಳಿಯಿತು, ಮತ್ತೆ ಮೇಲೆ ಬಂತು. 24 ವರ್ಷಗಳ ನಂತರ 2017ರಲ್ಲಿ ಲೀಗ್ ಗೆದ್ದಿತು. 2023ರಲ್ಲಿ ಮತ್ತೆ ಕೆಳಗಿಳಿಯಿತು. ಆದರೆ ಕ್ಲಬ್ ಸಾಯಲಿಲ್ಲ. ಅದರ ಕ್ರೀಡಾಂಗಣಕ್ಕೆ ಇರುವ ಹೆಸರು ಬೋಝಿಕ್‌ರದ್ದು. ಜಗತ್ತು ಪುಷ್ಕಾಶ್‌ರನ್ನು ನೆನಪಿಟ್ಟುಕೊಂಡಿತು. ಬಡಾವಣೆಯ ಮೈದಾನಕ್ಕೆ ಸಿಕ್ಕಿದ್ದು ಮರಳಿ ಬಂದವರ ಹೆಸರು.

ನಮ್ಮ ದೇಶದ ಮಹಮ್ಮಡನ್ ಸ್ಪೋರ್ಟಿಂಗ್ ಕಥೆಯೂ ಹೀಗೇ ಇದೆ. ದೇಶ ವಿಭಜನೆಯ ನಂತರ ಅದರ ಬಲ ಕುಂದಿತು. ವರ್ಷಗಟ್ಟಲೆ ದೊಡ್ಡ ಗೆಲುವುಗಳಿಲ್ಲದೆ ಕಳೆದವು. ಎರಡನೇ ಡ್ಯುರಾಂಡ್ ಕಪ್ಪಿಗಾಗಿ 1940ರಿಂದ 2013ರ ವರೆಗೆ ಕಾಯಬೇಕಾಯಿತು. ಆದರೂ ಸದಸ್ಯರು, ಅಭಿಮಾನಿಗಳು, ಕಲ್ಕತ್ತಾ ಮೈದಾನದಲ್ಲಿನ ಅದರ ಜಾಗ ಉಳಿದವು. 2023-24ರಲ್ಲಿ ಐ-ಲೀಗ್ ಗೆದ್ದು ಆ ಕ್ಲಬ್ ಇಂಡಿಯನ್ ಸೂಪರ್ ಲೀಗ್‌ಗೆ ಬಂತು. ಅಲ್ಲಿ ಮೊದಲ ವರ್ಷ ಕೊನೆಯ ಸ್ಥಾನ ಸಿಕ್ಕಿತು. ನೂರಮೂವತ್ತು ವರ್ಷ ದಾಟಿದ ಕ್ಲಬ್ಬಿಗೆ ಒಂದು ವರ್ಷದ ಸೋಲು ದೊಡ್ಡದಲ್ಲ.

ಇದರಿಂದ ಕಾಣುವುದೇನು? ಒಂದು ತಂಡ ಗೆಲ್ಲುವುದು ಹನ್ನೊಂದು ಮಂದಿಯಿಂದ. ಅದು ಉಳಿಯುವುದು ಮೈದಾನಕ್ಕೆ ಇಳಿಯದ ನೂರಾರು ಮಂದಿಯಿಂದ.

ನಮ್ಮ ಮೊಹಲ್ಲಾದಲ್ಲಿ

ಈಗ ನಮ್ಮ ಊರುಗಳಿಗೆ ಬರೋಣ. ನವಾಯತಿ, ಉರ್ದು, ಬ್ಯಾರಿ, ಕನ್ನಡ, ಮನೆಯಲ್ಲಿ ಯಾವ ಮಾತಿದ್ದರೂ ನಮ್ಮ ಹುಡುಗರ ಕಥೆ ಒಂದೇ. ಹದಿನೈದರಿಂದ ಇಪ್ಪತ್ತೆರಡರ ತನಕ ಆಟ. ಆಮೇಲೆ ಪಾಸ್‌ಪೋರ್ಟ್, ವೀಸಾ, ದುಬೈ, ದಮ್ಮಾಮ್. ದುಡಿಯಲು ಹೋಗುವುದು ತಪ್ಪಲ್ಲ, ಅಹ್ಮದ್ ಖಾನ್ ಹೋದದ್ದೂ ತಪ್ಪಾಗಿರಲಿಲ್ಲ. ಆದರೆ ಹೋಗುವ ಮೊದಲು ತನ್ನ ಜಾಗಕ್ಕೆ ಒಬ್ಬನನ್ನು ತಯಾರು ಮಾಡಿ ಹೋದನೇ ಎಂಬುದೇ ಪ್ರಶ್ನೆ.

ಆಟವನ್ನು ಕಾಲಹರಣವೆಂದು ತಳ್ಳಿಹಾಕುವ ಹಿರಿಯರು ನಮ್ಮಲ್ಲಿದ್ದಾರೆ. ಪ್ರವಾದಿ ಮುಹಮ್ಮದ್(ಸ)ರು ಹಝ್ರತ್ ಆಯಿಶಾ(ರ)ರ ಜೊತೆ ಓಟದ ಪಂದ್ಯ ನಡೆಸಿದ್ದರು. ಈದ್ ದಿನ ಮಸೀದಿಯಲ್ಲಿ ಅಬಿಸೀನಿಯದವರು ಈಟಿಯ ಆಟ ಪ್ರದರ್ಶಿಸಿದಾಗ ಆಯಿಶಾ(ರ)ರಿಗೆ ಅದನ್ನು ನೋಡಲು ಅವಕಾಶ ಮಾಡಿಕೊಟ್ಟಿದ್ದರು. ಮೈಗೆ ಬಲ, ಮನಸ್ಸಿಗೆ ಉಲ್ಲಾಸ ಕೊಡುವ ಆಟಕ್ಕೆ ನಮ್ಮ ಧರ್ಮದಲ್ಲಿ ಸ್ಥಳವಿದೆ. ನಮಾಝಿನ ಹೊತ್ತು ಮೀರದಂತೆ, ಓದು ಕೆಡದಂತೆ, ಬಾಜಿ ಕಟ್ಟುವ ಚಟ ಒಳಗೆ ಬಾರದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ. ಸಂಜೆಯ ಹೊತ್ತು ಮೈದಾನದಲ್ಲಿ ಬೆವರು ಸುರಿಸುವ ಹುಡುಗನನ್ನು ಮಾದಕ ವಸ್ತು ಮಾರುವವನು ಹುಡುಕಿಕೊಂಡು ಬರುವುದು ಕಷ್ಟ. ತಾಯಂದಿರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಏನಿದೆ?

ಕ್ಲಬ್ ಉಳಿಯಬೇಕಾದರೆ ಕೆಲವು ಸಣ್ಣ ಕೆಲಸಗಳಿವೆ. ದೊಡ್ಡ ಹಣ ಬೇಡ, ತಾಳ್ಮೆ ಬೇಕು.

ಮೊದಲನೆಯದು ನೋಂದಣಿ. ಏಳು ಮಂದಿ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕ್ಲಬ್ಬನ್ನು ನೋಂದಾಯಿಸಬಹುದು. ಆಗ ಕ್ಲಬ್ಬಿನ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆಯಬಹುದು. ಹಣ ಒಬ್ಬನ ಜೇಬಿನಲ್ಲಿದ್ದರೆ ಅವನು ವಿಮಾನ ಹತ್ತಿದ ದಿನವೇ ಕ್ಲಬ್ ಮುಗಿಯುತ್ತದೆ.

ಎರಡನೆಯದು ಲೆಕ್ಕ. ಬಂದದ್ದು, ಖರ್ಚಾದದ್ದು ವರ್ಷಕ್ಕೊಮ್ಮೆ ಎಲ್ಲರೆದುರು ಓದಿ ಹೇಳಬೇಕು. ಹೆಚ್ಚಿನ ಕ್ಲಬ್ಬುಗಳು ಒಡೆಯುವುದು ಸೋಲಿನಿಂದಲ್ಲ, ಲೆಕ್ಕದ ಜಗಳದಿಂದ. ಸಮುದಾಯದ ಹಣ ಅಮಾನತ್ತು ಎಂದು ನಾವು ಮಸೀದಿಯ ವಿಷಯದಲ್ಲಿ ಒಪ್ಪುತ್ತೇವೆ. ಕ್ಲಬ್ಬಿನ ವಿಷಯದಲ್ಲೂ ಅದು ಅಮಾನತ್ತೇ.

ಮೂರನೆಯದು ಎಳೆಯರು. ದೊಡ್ಡವರ ತಂಡ ಕಟ್ಟಿ ಪಂದ್ಯಾಟಕ್ಕೆ ಹೊರಗಿನಿಂದ ಬಾಡಿಗೆ ಆಟಗಾರರನ್ನು ತರುವ ಹಣದಲ್ಲಿ ಹತ್ತು ವರ್ಷದ ಮಕ್ಕಳಿಗೆ ಚೆಂಡು ಕೊಡಿಸಬಹುದು. ಹೆಣ್ಣುಮಕ್ಕಳಿಗೂ ಮರ್ಯಾದೆಯ ವಾತಾವರಣದಲ್ಲಿ ಆಡಲು ಒಂದು ಹೊತ್ತು ಮೀಸಲಿಡಬಹುದು. ಇಂದು ಹತ್ತು ವರ್ಷದ ಮಗು ಕ್ಲಬ್ಬಿನ ಮುಂದಿನ ಹತ್ತು ವರ್ಷ.

ನಾಲ್ಕನೆಯದು ಮೈದಾನ. ಕುಂದಾಪುರದ ಗಾಂಧಿ ಮೈದಾನದಂಥ ಬಯಲುಗಳು ಬೆರಳೆಣಿಕೆಯಷ್ಟೇ ಇವೆ. ಕೊಯ್ಲು ಮುಗಿದ ಗದ್ದೆಯಲ್ಲಿ ಆಡುವ ಕಾಲ ಮುಗಿಯುತ್ತಿದೆ, ಗದ್ದೆಗಳೇ ಸೈಟುಗಳಾಗುತ್ತಿವೆ. ಪಂಚಾಯತ್ ಸಭೆಯಲ್ಲಿ ರಸ್ತೆ, ಚರಂಡಿ ಕೇಳುವ ನಾವು ಆಟದ ಬಯಲನ್ನೂ ಕೇಳಬೇಕು. ಅದನ್ನು ನಮ್ಮ ಕ್ಲಬ್ಬೊಂದೇ ಕೇಳಿದರೆ ಸಾಲದು, ಪಕ್ಕದ ಕೇರಿಯ ಹಿಂದೂ, ಕ್ರೈಸ್ತ ಸಹೋದರರ ಕ್ಲಬ್ಬುಗಳೂ ಒಟ್ಟಿಗೆ ಕೇಳಬೇಕು. ಬಯಲು ಎಲ್ಲರಿಗೂ ಬೇಕಾದದ್ದು. ಒಟ್ಟಿಗೆ ಆಡಿ ಬೆಳೆದ ಹುಡುಗರ ನಡುವೆ ಗೋಡೆ ಎಬ್ಬಿಸುವುದು ಯಾರಿಗೂ ಸುಲಭವಲ್ಲ.

ಕೊನೆಯದು ನೆನಪು. ನಿಮ್ಮ ಊರಿನ ಹಳೆಯ ಆಟಗಾರರು ಇನ್ನೂ ಇದ್ದಾರೆ. ಯಾವ ವರ್ಷ ಯಾರು ಆಡಿದರು, ಯಾರು ಗೆದ್ದರು, ಕ್ಲಬ್ ಕಟ್ಟಿದವರು ಯಾರು, ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಹಳೆಯ ಫೋಟೋದ ಹಿಂದೆ ಹೆಸರು ಬರೆಯಿರಿ. ರೋವರ್ಸ್ ಕಪ್ ಮೂರು ಸಲ ಗೆದ್ದ ತಂಡವನ್ನೇ ನಾವು ಮರೆತಿದ್ದೇವೆ. ಊರಿನ ತಂಡ ಮರೆತುಹೋಗಲು ಎಷ್ಟು ಹೊತ್ತು ಬೇಕು?

ಮುಂದಿನ ಸಲ ನಿಮ್ಮ ಮಗನೋ ತಮ್ಮನೋ ಕ್ಲಬ್ಬಿನ ಚಂದಾ ರಶೀದಿ ಹಿಡಿದು ಬಂದರೆ ಗದರಿಸಿ ಕಳುಹಿಸಬೇಡಿ. ಕೊಡುವುದನ್ನು ಕೊಡಿ. ಕೊಡುವಾಗ ಒಂದು ಪ್ರಶ್ನೆ ಕೇಳಿ: "ನೀನು ಊರು ಬಿಟ್ಟ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು?" ಆ ಪ್ರಶ್ನೆಗೆ ಅವನ ಬಳಿ ಒಂದು ಹೆಸರು ಇದ್ದರೆ ಆ ಕ್ಲಬ್ ಉಳಿಯುತ್ತದೆ, ಇನ್‌ಶಾ ಅಲ್ಲಾಹ್.